ಗಾಜಿನ ಬಾಗಿಲಾಚೆ ಉಕ್ಕಿದ ಹಾಲು

ಮೊನ್ನೆ ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಆಫೀಸಿನ ಕಾಲ್ ಒಂದಕ್ಕೆ ತಲೆ ಕೊಟ್ಟೆ. ವಾಪಸ್ ಬರುವಷ್ಟರಲ್ಲಿ ಹಾಲು ಉಕ್ಕಿ ಹರಿದು ಒಲೆಯ ಮೇಲೆಲ್ಲ ಸೀದು ಹತ್ತಿಕೊಂಡಿತ್ತು. ಅಮೆರಿಕದ ಗ್ಲೆಂಡೇಲಿನ ಈ ಅಪಾರ್ಟ್‌ಮೆಂಟಿನ ಸ್ಮೋಕ್ ಅಲಾರಂಗೆ ಒಗ್ಗರಣೆಯ ಹೊಗೆಯೇ ಆಗದು, ಇನ್ನು ಇದು ಆದೀತೇ. ಬಾಯಿ ಬಡಿದುಕೊಳ್ಳತೊಡಗಿತು. ನಾನು ಅದರ ಕೆಳಗೆ ನಿಂತು ಟವೆಲ್ ಬೀಸುತ್ತಿದ್ದೆ. ನನ್ನ ಗಂಡ ಶ್ರೀಧರ ರೂಮಿನಿಂದ ಇಣುಕಿ, ಮೂಗು ಅರಳಿಸಿ, "ಮತ್ತೆ ಪೊವೇಗೆ ಹೋಗ್ಬಿಟ್ಯಾ?" ಅಂದರು.

ಹೌದು, ಹೋಗಿಬಿಟ್ಟಿದ್ದೆ. ಸೀದ ಹಾಲಿನ ವಾಸನೆ ಬಂದರೆ ಸಾಕು, ನಾನು 2020ರ ಜೂನ್ ತಿಂಗಳಲ್ಲಿ ಸ್ಯಾನ್ ಡಿಯಾಗೋ ಪಕ್ಕದ ಪೊವೇಯ ಮನೆಯ ಅಡುಗೆಮನೆಯಲ್ಲಿ ಗಾಜಿನ ಬಾಗಿಲಿನ ಒಳಗೆ ನಿಂತಿರುತ್ತೇನೆ. ಸುತ್ತ ಟೇಪು ಸುತ್ತಿದ ರಟ್ಟಿನ ಪೆಟ್ಟಿಗೆಗಳು. ಮಹಡಿಯಲ್ಲಿ ಕೆಮ್ಮುತ್ತಿರುವ ಅತ್ತೆ. ಗಾಜಿನಾಚೆ, ಹಿತ್ತಲಲ್ಲಿ, ಆ ಮನೆಯನ್ನು ಕೊಂಡವರು.

ಮನೆ ಮಾರಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಶ್ರೀಧರರಿಗೆ ಗ್ಲೆಂಡೇಲಿನಲ್ಲಿ ಕೆಲಸ ಸಿಕ್ಕಿತ್ತು. ಮಗ ಕಾಲೇಜಿಗೆಂದು ದೂರ ಹೋಗಿದ್ದ. ನಾನು, ಅವರು, ಅತ್ತೆ, ಮೂವರಿಗೆ ಅಷ್ಟು ದೊಡ್ಡ ಮನೆ ಯಾಕೆ ಅನಿಸಿತು. ಕೊಳ್ಳಲು ಬಂದವರು ನಮ್ಮವರೇ, ಉಡುಪಿ ಕಡೆಯ ಪ್ರಸನ್ನ ಮತ್ತು ವಿದ್ಯಾ. ಪ್ರಸನ್ನ ಸೊರೆಂಟೊ ವ್ಯಾಲಿಯಲ್ಲಿ ಚಿಪ್ ಮಾಡುವ ಕಂಪನಿಯೊಂದರಲ್ಲಿದ್ದ. ಮನೆಮನೆಯಿಂದ ಅಡುಗೆ ತಂದು ಉಣ್ಣುವ ಕನ್ನಡದವರ ಪಾಟ್‌ಲಕ್ಕಿನಲ್ಲಿ ಪರಿಚಯವಾದಾಗಿನಿಂದ ಇಬ್ಬರೂ ನನ್ನನ್ನು ಅಕ್ಕ ಅನ್ನುತ್ತಿದ್ದರು. ವಿದ್ಯಾ ಆಗ ಬಸುರಿ. ಮನೆ ನೋಡಲು ಬಂದ ದಿನವೂ ಅವಳು ರೂಮುಗಳನ್ನು ನೋಡಿದ್ದಕ್ಕಿಂತ ಹೆಚ್ಚಾಗಿ ನಮ್ಮ ಹಿತ್ತಲಿನ ಕರಿಬೇವಿನ ಗಿಡವನ್ನೇ ನೋಡಿದಳು.

ಒಪ್ಪಂದಕ್ಕೆ ಸಹಿ ಹಾಕಿದ್ದು ಮೇ ತಿಂಗಳಲ್ಲಿ, ನಮ್ಮ ಡ್ರೈವ್‌ವೇಯಲ್ಲಿ, ಕಾರಿನ ಬಾನೆಟ್ಟಿನ ಮೇಲೆ ಕಾಗದ ಹರಡಿಕೊಂಡು. ಎಲ್ಲರ ಮುಖಕ್ಕೂ ಮಾಸ್ಕು, ಅವರವರ ಪೆನ್ನು ಅವರವರ ಕೈಯಲ್ಲಿ. ಏಜೆಂಟಮ್ಮ ಅಮೆರಿಕದವಳು, ಅನುಭವಸ್ಥೆ. ರಿಜಿಸ್ಟ್ರೇಷನ್ ಆದ ಮೇಲೆ ಮನೆ ಬಿಡಲು ಒಂದಷ್ಟು ದಿನ ಹೆಚ್ಚಿಗೆ ಬರೆಸಿಕೊಳ್ಳಿ, ಕಾಲ ಸರಿಯಿಲ್ಲ ಎಂದು ಅವಳು ಮತ್ತೆ ಮತ್ತೆ ಹೇಳಿದಳು. ನಾವು ನಕ್ಕೆವು. ನಮ್ಮ ನಮ್ಮಲ್ಲಿ ಅದೆಲ್ಲ ಯಾಕೆ ಅಂದೆವು. ಅವಳಿಗೆ ಗೊತ್ತಿಲ್ಲದ ಸಂಗತಿ ಎಂದರೆ, ದಿನ ಅಷ್ಟು ಹೊತ್ತಿಗಾಗಲೇ ನಿಗದಿಯಾಗಿತ್ತು. ವಿದ್ಯಾಳ ತಾಯಿ ಊರಲ್ಲೇ ಸಿಕ್ಕಿಹಾಕಿಕೊಂಡಿದ್ದರಿಂದ ಅವಳು ಅತ್ತೆಯನ್ನು ಕೇಳಿದ್ದಳು, ಹಿರಿಯರು ನೀವು, ಗೃಹಪ್ರವೇಶಕ್ಕೊಂದು ದಿನ ನೋಡಿಕೊಡಿ ಎಂದು. ಅತ್ತೆ ಕನ್ನಡಕ ಏರಿಸಿ, ಪಂಚಾಂಗ ಹರಡಿ, ಆಷಾಢ ಹಿಡಿಯುವ ಮುಂಚೆ ಜ್ಯೇಷ್ಠದಲ್ಲಿ ಒಂದು ಬೆಳಿಗ್ಗೆಯನ್ನು ಆರಿಸಿದರು. ನಾವು ಖಾಲಿ ಮಾಡಬೇಕಾದದ್ದೂ ಅದೇ ಬೆಳಿಗ್ಗೆ, ಅವರು ಹಾಲು ಉಕ್ಕಿಸಬೇಕಾದದ್ದೂ ಅದೇ ಬೆಳಿಗ್ಗೆ. ನಾವು ಮುಂಬಾಗಿಲಿನಿಂದ ಹೊರಡುವುದು, ಅವರು ಬಲಗಾಲಿಟ್ಟು ಒಳಗೆ ಬರುವುದು. ನಡುವೆ ಒಂದು ದಿನದ ಜಾಗವೂ ಇಲ್ಲ. ಏಜೆಂಟಮ್ಮ ಆ ತಾರೀಖು ಯಾರ ಹುಟ್ಟುಹಬ್ಬ ಎಂದು ಕೇಳಿದ್ದಳು. ಪಂಚಾಂಗ ನಂಬಿ ಒಪ್ಪಂದ ಬರೆಯುವವರು ಈ ಊರಲ್ಲಿ ನಾವಲ್ಲದೆ ಇನ್ನಾರಿದ್ದಾರು.

ಜೂನ್ ತಿಂಗಳ ಬೆಳಗುಗಳು ಸ್ಯಾನ್ ಡಿಯಾಗೋದಲ್ಲಿ ಬೂದಿ ಬಣ್ಣದವು. ಕಡಲಿನ ಮೋಡ ರಾತ್ರಿಯೇ ಒಳನಾಡಿಗೆ ನುಗ್ಗಿ ಮನೆಗಳ ಮೇಲೆ ಕಂಬಳಿ ಹೊದಿಸಿದ ಹಾಗೆ ಕೂತುಬಿಡುತ್ತದೆ. ಪೊವೇಯಲ್ಲಿ ಮಧ್ಯಾಹ್ನದ ಹೊತ್ತಿಗೆ ಅದು ಕರಗಿ ಧಗೆ ಶುರುವಾಗುತ್ತದೆ. ಅಂಥ ಒಂದು ಬೂದಿ ಬೆಳಗಿನಲ್ಲೇ ಅತ್ತೆ ಕಾಫಿಗೆ ರುಚಿ ಇಲ್ಲ ಅಂದದ್ದು. ನಾನು ಹಾಲು ಬದಲಾಯಿಸಿ ಮತ್ತೊಂದು ಲೋಟ ಕೊಟ್ಟೆ. ಅದಕ್ಕೂ ರುಚಿ ಇಲ್ಲ. ಸಂಜೆಗೆ ಜ್ವರ. ಟೆಸ್ಟಿನ ಫಲಿತಾಂಶ ಬರುವ ಹೊತ್ತಿಗೆ ನನಗೆ ಉತ್ತರ ಗೊತ್ತಾಗಿತ್ತು. ಎಲ್ಲಿಂದ ತಗುಲಿತು ಎನ್ನುವುದು ಇವತ್ತಿಗೂ ಗೊತ್ತಿಲ್ಲ.

ಮನೆ ಆಗಲೇ ರಿಜಿಸ್ಟ್ರೇಷನ್ ಆಗಿ ಪ್ರಸನ್ನ ವಿದ್ಯಾರ ಹೆಸರಿಗೆ ಹೋಗಿತ್ತು. ಅತ್ತೆಯ ಮುಹೂರ್ತಕ್ಕೆ ಇನ್ನೊಂದು ವಾರವೂ ಇರಲಿಲ್ಲ. ಶ್ರೀಧರ ಹೊಸ ಅಪಾರ್ಟ್‌ಮೆಂಟಿನ ಕೀ ತೆಗೆದುಕೊಳ್ಳಲು ಗ್ಲೆಂಡೇಲಿಗೆ ಹೋಗಿದ್ದವರು ಅಲ್ಲೇ ಉಳಿದರು. ಒಳಗೆ ಬಂದರೆ ಅವರೂ ನಮ್ಮ ಜೊತೆ ಬಂದಿ, ಹೊರಗಿದ್ದು ಸಾಮಾನು ತಂದುಕೊಡುವವರೂ ಇರುವುದಿಲ್ಲ. ಸಾಮಾನು ಸಾಗಿಸುವವರಿಗೆ ವಿಷಯ ತಿಳಿಸಿದೆ. ಆ ಮನೆಯೊಳಗೆ ಹುಡುಗರನ್ನು ಕಳಿಸಲಾರೆವು ಎಂದರು. ಗ್ಲೆಂಡೇಲಿನ ಅಪಾರ್ಟ್‌ಮೆಂಟಿನ ಆಫೀಸಿನವರು ಸೋಂಕಿದ್ದವರು ಈಗ ಒಳಗೆ ಬರುವಂತಿಲ್ಲ ಎಂದರು. ಇತ್ತ ಇರುವ ಮನೆ ನಮ್ಮದಲ್ಲ, ಅತ್ತ ನಮ್ಮದೆನ್ನುವ ಮನೆಗೆ ನಮ್ಮನ್ನು ಸೇರಿಸುವುದಿಲ್ಲ.

ಹದಿನೈದು ವರ್ಷ ಬಾಳಿದ ಮನೆಯಲ್ಲಿ ಒಂದು ಚಮಚಕ್ಕೆ ತಡಕಾಡುವುದೆಂದರೇನು ಎಂದು ನನಗೆ ಆ ದಿನಗಳಲ್ಲಿ ಗೊತ್ತಾಯಿತು. ಎಲ್ಲ ಪ್ಯಾಕ್ ಆಗಿತ್ತು. ಹೊರಗೆ ಉಳಿದದ್ದು ಒಂದು ಬಾಣಲೆ, ಒಂದು ಕುಕ್ಕರು, ಎರಡು ತಟ್ಟೆ, ನೀರು ಕಾಯಿಸುವ ಎಲೆಕ್ಟ್ರಿಕ್ ಕೆಟಲ್. ಥರ್ಮಾಮೀಟರಿಗಾಗಿ ಪೆಟ್ಟಿಗೆ ಹರಿದೆ, ಗೊಂಬೆ ಹಬ್ಬದ ಗೊಂಬೆಗಳು ಸಿಕ್ಕವು. ಗೋಡೆಯ ಮೇಲೆ ಫೋಟೋ ಇದ್ದ ಜಾಗಗಳು ಬೆಳ್ಳಗೆ ಕಾಣುತ್ತಿದ್ದವು. ಮಾತಾಡಿದರೆ ನಡುಮನೆಯಲ್ಲಿ ಪ್ರತಿಧ್ವನಿ. ಅತ್ತೆ ಮಹಡಿಯ ರೂಮಿನಲ್ಲಿ, ನಾನು ಕೆಳಗೆ ನೆಲದ ಮೇಲೆ ಕಂಬಳಿ ಹಾಸಿಕೊಂಡು. ದಿನಕ್ಕೆ ಹಲವು ಸಲ ಮಾಸ್ಕು, ಗ್ಲೌಸು ಹಾಕಿಕೊಂಡು ಮೆಟ್ಟಿಲು ಹತ್ತುವುದು, ಬೆರಳಿಗೆ ಸಿಕ್ಕಿಸುವ ಯಂತ್ರದಲ್ಲಿ ಆಕ್ಸಿಜನ್ ನೋಡುವುದು, ಹಬೆಗೆ ನೀರು ಕಾಯಿಸಿ ಕೊಡುವುದು. ನೋಡಿದ ಸಂಖ್ಯೆಯನ್ನು ಡಾಕ್ಟರಿಗೆ ಫೋನಿನಲ್ಲಿ ಹೇಳುವುದು. ಇನ್ನೂ ಕೆಳಗೆ ಇಳಿದರೆ ಆಂಬುಲೆನ್ಸ್ ಕರೆಯಿರಿ, ಅಲ್ಲಿಯವರೆಗೆ ಮನೆಯಲ್ಲೇ ಇರಲಿ ಎಂದು ಅವರು ಹೇಳಿದ್ದರು. ಅತ್ತೆಗೆ ಆಸ್ಪತ್ರೆ ಎಂದರೆ ವಿಪರೀತ ಭಯ. ಒಬ್ಬರನ್ನೇ ಒಳಗೆ ಕರೆದುಕೊಳ್ಳುತ್ತಾರೆ, ಜೊತೆಗೆ ಯಾರನ್ನೂ ಬಿಡುವುದಿಲ್ಲ, ಅಲ್ಲಿ ನನ್ನ ಕನ್ನಡ ಯಾರಿಗೆ ಅರ್ಥವಾಗುತ್ತೆ ಎಂದು ಮೊದಲ ದಿನವೇ ಅತ್ತಿದ್ದರು.

ಶ್ರೀಧರ ಗ್ಲೆಂಡೇಲಿನಿಂದ ಎರಡು ಗಂಟೆ ಡ್ರೈವ್ ಮಾಡಿಕೊಂಡು ಬಂದು, ತರಕಾರಿ, ಔಷಧಿ ಬಾಗಿಲಲ್ಲಿಟ್ಟು, ರಸ್ತೆಯ ಆಚೆ ಕಾರು ನಿಲ್ಲಿಸಿಕೊಂಡು ಕೂರುತ್ತಿದ್ದರು. ಅಮ್ಮನಿಗೆ ಫೋನ್ ಮಾಡಿ ಕಿಟಕಿಯ ಕಡೆ ಕೈ ಬೀಸುವುದು. ಅಮ್ಮ ಪರದೆ ಸರಿಸಿ ಕೈ ಬೀಸುವುದು. ಇಬ್ಬರೂ ಊಟ ಆಯ್ತಾ ಎಂಬುದನ್ನು ಬಿಟ್ಟು ಬೇರೆ ಮಾತಾಡಿದ್ದು ನನಗೆ ಕೇಳಲಿಲ್ಲ. ಆಮೇಲೆ ಅವರು ಕಾರಿನಲ್ಲೇ ಸ್ವಲ್ಪ ಹೊತ್ತು ತಲೆ ಒರಗಿಸಿ, ಹೊರಟುಹೋಗುತ್ತಿದ್ದರು.

ಪ್ರಸನ್ನನಿಗೆ ವಿಷಯ ತಿಳಿಸಿದವಳು ನಾನೇ. ಪಾಪ, ಮೊದಲು ಅತ್ತೆಯ ಆರೋಗ್ಯ ಕೇಳಿದ. ಆಮೇಲೆ, ಹಾಗಾದರೆ ಆ ದಿನ ಮನೆ ಸಿಗುವುದಿಲ್ಲವೇ ಅಂದ. ಅವರ ಬಾಡಿಗೆ ಮನೆಯ ಲೀಸು ಮುಗಿದು ಅದಕ್ಕೆ ಬೇರೆಯವರು ಬಂದಾಗಿತ್ತು. ನಮ್ಮ ಮನೆ ಸಿಗುವವರೆಗೆಂದು ಸೊರೆಂಟೊ ವ್ಯಾಲಿಯ ಹತ್ತಿರ ಹೋಟೆಲೊಂದರಲ್ಲಿ ರೂಮು ಹಿಡಿದಿದ್ದರು. ಆ ರೂಮಿನ ಬಾತ್‌ರೂಮಿನಲ್ಲಿ ವಿದ್ಯಾ ಯಾರಿಗೂ ಕಾಣದ ಹಾಗೆ ಇಂಡಕ್ಷನ್ ಒಲೆಯಿಟ್ಟು ಗಂಜಿ ಮಾಡಿಕೊಳ್ಳುತ್ತಿದ್ದಳು. ಹೊರಗಿನ ಊಟ ಅವಳಿಗೆ ಒಗ್ಗುತ್ತಿರಲಿಲ್ಲ, ಹೊರಗೆ ಹೋಗಲು ಡಾಕ್ಟರು ಬಿಡುತ್ತಿರಲಿಲ್ಲ. ಅವಳೂ ಒಂದು ರೂಮಿನಲ್ಲಿ ಬಂದಿಯೇ. ಆದರೆ ಅವಳ ಕಷ್ಟವನ್ನು ಯೋಚಿಸುವಷ್ಟು ಜಾಗ ಆಗ ನನ್ನ ತಲೆಯಲ್ಲಿ ಇರಲಿಲ್ಲ.

ಶ್ರೀಧರ ಒಪ್ಪಂದವನ್ನು ಸಾಲು ಸಾಲಾಗಿ ಓದಿ, ಯಾರ ಕೈಯಲ್ಲೂ ಇಲ್ಲದ, ಯಾರೂ ಊಹಿಸದ ಕಾರಣದಿಂದ ತಡವಾದರೆ ಅದು ತಪ್ಪಲ್ಲ ಎನ್ನುವ ಅರ್ಥದ ಮಾತು ಹುಡುಕಿ ತೆಗೆದರು. ನನಗೆ ಜೀವ ಬಂದಂತಾಯಿತು. ಜಗತ್ತೇ ನಿಂತುಹೋಗಿದೆ, ನಾವು ನಿಂತದ್ದು ಯಾವ ದೊಡ್ಡ ಅಪರಾಧ ಎಂದು ಫೋನಿನಲ್ಲಿ ಪ್ರಸನ್ನನಿಗೆ ಜೋರಾಗಿಯೇ ಹೇಳಿದೆ. ಅವನು ದನಿ ಎತ್ತಲಿಲ್ಲ.

"ಅಕ್ಕ, ನಾವು ಸೈನ್ ಮಾಡಿದ್ದೇ ಮಾಸ್ಕ್ ಹಾಕಿಕೊಂಡು. ಈ ರೋಗ ಬರ್ತದೆ ಅಂತ ಮಾರ್ಚಲ್ಲಿ ಸೈನ್ ಮಾಡಿದವರಿಗೆ ಗೊತ್ತಿರಲಿಲ್ಲ ಅಂದ್ರೆ ಸರಿ. ಮೇ ತಿಂಗಳಲ್ಲಿ ನಮಗೆ ಗೊತ್ತಿರಲಿಲ್ಲ ಅಂದ್ರೆ ಹೇಗೆ?"

ಉತ್ತರವಿಲ್ಲದಾಗ ನನಗೆ ಕೋಪ ಬರುತ್ತದೆ, ಅದು ಹುಟ್ಟುಗುಣ. ಏಜೆಂಟಮ್ಮನನ್ನು ಕೇಳಿದರೆ ಅವಳು ಕೈ ಚೆಲ್ಲಿದಳು. ಒಬ್ಬ ವಕೀಲರು ಕಾರಣ ನಿಲ್ಲುತ್ತದೆ ಅಂದರು. ಇನ್ನೊಬ್ಬರು ರೋಗ ಬೇರೆ, ರೋಗದಿಂದ ಮನೆ ಬಿಡಲಾಗದೇ ಇರುವುದು ಬೇರೆ, ಮುದುಕಿಯನ್ನು ಹೋಟೆಲಿಗೋ ಆಸ್ಪತ್ರೆಗೋ ಸಾಗಿಸಬಹುದಿತ್ತಲ್ಲ ಎಂದು ಕೇಳುತ್ತಾರೆ ಅಂದರು. ಕೋರ್ಟುಗಳೇ ಅರೆಬರೆ ಮುಚ್ಚಿದ್ದವು. ಮೂರನೆಯವರು, ನಮ್ಮ ಪರಿಚಯದವರು, ಒಂದು ಬುದ್ಧಿಮಾತು ಹೇಳಿದರು. ಅವರನ್ನು ಮನೆಯ ಹತ್ತಿರಕ್ಕೆ ಬಿಟ್ಟುಕೊಳ್ಳಬೇಡಿ, ಅವರಿಗೆ ಏನನ್ನೂ ಒಪ್ಪಿಕೊಳ್ಳಬೇಡಿ, ಒಪ್ಪಿಕೊಂಡರೆ ನಿಮ್ಮ ಹಿಡಿತ ಸಡಿಲವಾಗುತ್ತದೆ ಎಂದರು. ಅದು ನನಗೆ ಬಹಳ ಹಿಡಿಸಿತು. ಮಾರನೆಯ ದಿನ ಪ್ರಸನ್ನನಿಂದ ಈಮೇಲ್ ಬಂತು. ಮೇಲೆ 'ಡಿಯರ್ ಮಿಸೆಸ್' ಎಂದು ನನ್ನ ಗಂಡನ ಹೆಸರು ಹಚ್ಚಿದ್ದ. ಒಪ್ಪಿದ ದಿನ ಮನೆ ಖಾಲಿಯಾಗಬೇಕು, ಇಲ್ಲದಿದ್ದರೆ ವಕೀಲರ ಮೂಲಕ ಮಾತಾಡಬೇಕಾಗುತ್ತದೆ ಎಂಬುದು ಸಾರಾಂಶ. ಆ ಬೆದರಿಕೆಗಿಂತ ಅಕ್ಕ ಹೋಗಿ ಮಿಸೆಸ್ ಆದದ್ದು ನನಗೆ ಹೆಚ್ಚು ಚುಚ್ಚಿತು.

ಅವತ್ತು ಮಧ್ಯಾಹ್ನ ಅತ್ತೆಗೆಂದು ಮೆಣಸಿನ ಸಾರು ಮಾಡಿದೆ. ಒಗ್ಗರಣೆಗೆ ಹಿತ್ತಲಿನಿಂದ ಎರಡೆಸಳು ಕರಿಬೇವು ಕಿತ್ತು ತಂದಿದ್ದೆ. ಅತ್ತೆಗೆ ವಾಸನೆ ತಿಳಿಯುತ್ತಿರಲಿಲ್ಲ, ಆದರೆ ಕಣ್ಣು ಚುರುಕಾಗಿಯೇ ಇತ್ತು. ಲೋಟದಲ್ಲಿ ತೇಲುತ್ತಿದ್ದ ಎಲೆಯನ್ನು ನೋಡಿದರು.

"ಕೇಳಿ ಕಿತ್ಯಾ?"

"ಯಾರ್ನ ಕೇಳ್ಬೇಕು ಅತ್ತೆ?"

"ಗಿಡ ಈಗ ಅವರದ್ದಲ್ವಾ ಸುಮಾ. ನೆಲದಲ್ಲಿ ಬೇರು ಬಿಟ್ಟಿದ್ದೆಲ್ಲ ಮನೆ ಜೊತೆಗೆ ಅಂತ ನೀನೇ ಓದಿ ಹೇಳಿದ್ದೆ."

ನಾನು ಸಿಡಿದೆ. ಆ ಗಿಡಕ್ಕೆ ಮಜ್ಜಿಗೆ ಹುಯ್ದವಳು ನಾನು, ಚಳಿಗೆ ಗೋಣಿ ಹೊದಿಸಿದವಳು ನಾನು, ಅವರು ನಮ್ಮನ್ನು ಬೀದಿಗೆ ನೂಕಲು ನಿಂತಿದ್ದಾರೆ, ಎರಡೆಲೆಗೆ ಅವರ ಅಪ್ಪಣೆ ಬೇಕೇ ಎಂದೆ. ಈಮೇಲಿನ ವಿಷಯವನ್ನೂ ಅದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಲ್ಲಿಯವರೆಗೆ ಅವರಿಂದ ಮುಚ್ಚಿಟ್ಟಿದ್ದೆ. ಅತ್ತೆ ಸಾರು ಕುಡಿಯದೆ ಲೋಟ ಕೆಳಗಿಟ್ಟರು. ಕೆಮ್ಮು ನಿಂತ ಮೇಲೆ ನಿಧಾನವಾಗಿ ಮಾತಾಡಿದರು. ಉಸಿರು ಸಾಲದೆ ನಡುನಡುವೆ ನಿಲ್ಲಿಸುತ್ತಿದ್ದರು.

"ಆ ದಿನ ಇಟ್ಟವಳು ನಾನು. ನಾವು ಹೋಗೋಕಾಗಲ್ಲ, ಸರಿ. ಅವರು ಬರೋದನ್ನ ಯಾಕೆ ತಡೀಬೇಕು? ಹಾಲು ಉಕ್ಕಿಸ್ಕೊಳ್ಳಿ. ನೀನು ಫೋನ್ ಮಾಡು." ಉಸಿರೆಳೆದುಕೊಂಡು ಇನ್ನೊಂದು ಮಾತು ಸೇರಿಸಿದರು. "ಆ ಹುಡುಗಿ ಯಾಕೆ ಹೆದರಿದಾಳೆ ಅಂತ ನಿನಗೆ ಗೊತ್ತಾಗ್ತಿಲ್ವಾ? ಬಸುರಿ. ನಾನು ಇಲ್ಲೇ ಕಣ್ಮುಚ್ಚಿದ್ರೆ, ನಕ್ಷತ್ರ ಬೇರೆ ಕೆಟ್ಟದಾಗಿದ್ರೆ, ಅವಳು ಈ ಮನೇಲಿ ದೀಪ ಹಚ್ಚೋದು ಯಾವಾಗ?"

ಆ ಮಾತು ನಮ್ಮ ಫೋನುಗಳಲ್ಲಿ, ಈಮೇಲುಗಳಲ್ಲಿ, ವಕೀಲರ ಬಾಯಲ್ಲಿ ಎಲ್ಲೂ ಬಂದಿರಲಿಲ್ಲ. ಕೆಟ್ಟ ನಕ್ಷತ್ರದಲ್ಲಿ ಸಾವಾದರೆ ತಿಂಗಳುಗಟ್ಟಲೆ ಮನೆ ಬಾಗಿಲು ಹಾಕುವವರು ನಮ್ಮಲ್ಲಿ ಈಗಲೂ ಇದ್ದಾರೆ. ವಿದ್ಯಾಳ ಮನೆಯವರೂ ಅಂಥವರೇ ಎಂದು ನನಗೆ ಗೊತ್ತಿತ್ತು. ಎಲ್ಲರೂ ಒಪ್ಪಂದದ ಮಾತಾಡುತ್ತ, ಎಲ್ಲರೂ ಮಹಡಿಯ ರೂಮಿನಲ್ಲಿ ಮಲಗಿದ್ದ ಈ ಹೆಂಗಸಿನ ಉಸಿರನ್ನೇ ಎಣಿಸುತ್ತಿದ್ದೆವು. ಅದು ಮಲಗಿದ್ದವರಿಗೂ ಗೊತ್ತಿತ್ತು. ನನಗೆ ಅಳು ಬಂತು, ಮಾಸ್ಕು ಒದ್ದೆಯಾಯಿತು, ಗ್ಲೌಸಿನ ಕೈಯಲ್ಲಿ ಒರೆಸಿಕೊಳ್ಳುವ ಹಾಗೂ ಇರಲಿಲ್ಲ.

ಫೋನ್ ಮಾಡಿದೆ. ವಕೀಲರ ಬುದ್ಧಿಮಾತನ್ನು ಪಕ್ಕಕ್ಕಿಟ್ಟೆ ಎಂದು ಹೇಳಿದರೆ ನನ್ನನ್ನೇ ಹೊಗಳಿಕೊಂಡ ಹಾಗಾದೀತು. ಅತ್ತೆಯ ಮಾತು ಮೀರಲು ಧೈರ್ಯವಿರಲಿಲ್ಲ, ಅಷ್ಟೇ. ವಿದ್ಯಾಳೇ ಎತ್ತಿದಳು. ಒಳಗೆ ಬರುವಂತಿಲ್ಲ, ಆದರೆ ಹಿತ್ತಲಲ್ಲಿ ಮಾಡಿಕೊಳ್ಳಿ ಎಂದೆ. ಅವಳು ಉಡುಪಿಯ ಭಟ್ಟರನ್ನು ಕೇಳಿ ಮತ್ತೆ ಫೋನ್ ಮಾಡಿದಳು. ಹಾಲು ಮನೆಯ ಬೆಂಕಿಯಲ್ಲೇ ಉಕ್ಕಬೇಕು, ಹಿತ್ತಲಲ್ಲಿ ಇದ್ದಿಲಿಟ್ಟರೆ ಆಗದು ಎಂದಿದ್ದರಂತೆ ಭಟ್ಟರು. ಆಮೇಲೆ ಅವಳೇ ಸಂಕೋಚದಿಂದ ಕೇಳಿದಳು, ತನ್ನ ಹೋಟೆಲಿನ ಇಂಡಕ್ಷನ್ ಒಲೆಯನ್ನು ಹೊಸ್ತಿಲಿನ ಆಚೆ ಇಟ್ಟು, ವಯರನ್ನು ಒಳಗಿನ ಪ್ಲಗ್ಗಿಗೆ ಹಾಕಿದರೆ ಹೇಗೆ ಎಂದು. ಕರೆಂಟು ಮನೆಯದಾದರೆ ಬೆಂಕಿ ಮನೆಯದೇ ಎಂದು ಭಟ್ಟರು ಒಪ್ಪಿದರು. ಆ ಕಾಲದಲ್ಲಿ ಭಟ್ಟರುಗಳೂ ಬಹಳ ರಾಜಿಗೆ ಬಂದಿದ್ದರು.

ಆ ಬೆಳಿಗ್ಗೆಯೂ ಆಕಾಶ ಬೂದಿಯಾಗಿತ್ತು. ಪ್ರಸನ್ನ ವಿದ್ಯಾ ಪಕ್ಕದ ಗೇಟಿನಿಂದ ಹಿತ್ತಲಿಗೆ ಬಂದರು. ಅವನು ಮಾಸ್ಕಿನ ಮೇಲೆ ಮಾಸ್ಕು ಹಾಕಿ ಪಂಚೆ ಉಟ್ಟಿದ್ದ, ಅವಳು ಹಸಿರು ರೇಷ್ಮೆ ಸೀರೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದಳು. ನಾನು ಗಾಜಿನ ಬಾಗಿಲನ್ನು ಎರಡು ಬೆರಳಷ್ಟು ಸರಿಸಿ ಎಕ್ಸ್‌ಟೆನ್ಷನ್ ವಯರು ಹೊರಗೆ ಬಿಟ್ಟು, ದೂರ ಸರಿದು ನಿಂತೆ. ಅವನು ಅದಕ್ಕೆ ಸ್ಯಾನಿಟೈಸರ್ ಬಳಿದು ಒಲೆಗೆ ಸಿಕ್ಕಿಸಿದ. ಫೋನಿನಲ್ಲಿ ಭಟ್ಟರು. ಅವರ ಊರಲ್ಲಿ ಆಗ ರಾತ್ರಿ ಊಟದ ಹೊತ್ತು, ಮಂತ್ರದ ನಡುವೆ ಅವರ ಮನೆಯ ಕುಕ್ಕರು ಕೂಗಿದ್ದು ನಮಗೂ ಕೇಳಿತು. ಪ್ರಸನ್ನ ನನ್ನ ಕಡೆ ನೋಡಲಿಲ್ಲ. ನಾನೂ ನೋಡಲಿಲ್ಲ. ಗಾಜಿನ ಈಚೆ ನಿಂತು ಯಾರದೋ ಪೂಜೆ ನೋಡುವವಳ ಹಾಗೆ ಕೈಕಟ್ಟಿಕೊಂಡಿದ್ದೆ.

ಪಾತ್ರೆಯಲ್ಲಿ ಹಾಲಿನ ಅಂಚಿಗೆ ನೊರೆ ಕಟ್ಟತೊಡಗಿತ್ತು. ಅಷ್ಟರಲ್ಲಿ ಪಟ್ಟನೆ ಒಲೆ ಆರಿತು. ಅಡುಗೆಮನೆಯ ದೀಪವೂ ಹೋಯಿತು. ಅತ್ತೆಯ ಹಬೆಗೆಂದು ನಾನು ಆಗಷ್ಟೇ ಕೆಟಲ್ ಹಾಕಿದ್ದೆ. ಆ ಹಳೆಯ ಮನೆಯಲ್ಲಿ ಒಂದೇ ಲೈನಿಗೆ ಇಂಥ ಎರಡು ಯಂತ್ರ ಹಾಕಿದರೆ ಕರೆಂಟು ಹೋಗುತ್ತದೆ ಎನ್ನುವುದು ಗಲಿಬಿಲಿಯಲ್ಲಿ ಮರೆತುಹೋಗಿತ್ತು. ಹೊರಗೆ ಪ್ರಸನ್ನ ವಯರು ಅಲ್ಲಾಡಿಸಿದ, ಒಲೆಯ ಬಟನ್ ಒತ್ತಿದ. ಭಟ್ಟರು ಏನಾಯಿತು, ಹೊತ್ತು ಮೀರುತ್ತದೆ ಎನ್ನುತ್ತಿದ್ದರು. ವಿದ್ಯಾಳ ಕಣ್ಣಲ್ಲಿ ನೀರು ತುಂಬಿತ್ತು. ಪ್ರಸನ್ನ ಗಾಜಿಗೆ ಮುಖ ತಂದು ಮೊದಲ ಸಲ ನನ್ನನ್ನು ನೋಡಿದ.

"ಅಕ್ಕ, ಪ್ಯಾನೆಲ್ ಎಲ್ಲಿ ಉಂಟು?"

ಮನೆ ಅವನದು. ಕರೆಂಟಿನ ಸ್ವಿಚ್ಚುಗಳಿರುವ ಬ್ರೇಕರ್ ಪ್ಯಾನೆಲ್ ಎಲ್ಲಿದೆ ಎನ್ನುವುದು ನನಗೆ ಗೊತ್ತು. ಒಂದು ಗಳಿಗೆ ನಾನು ಹಾಗೆಯೇ ನಿಂತೆ. ಆ ಗಳಿಗೆಯಲ್ಲಿ ನನ್ನೊಳಗೆ ಏನಿತ್ತು ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಹಟವೂ ಇರಲಿಲ್ಲ, ಕರುಣೆಯೂ ಇರಲಿಲ್ಲ, ಈ ಮನೆ ಹೋಯಿತಲ್ಲ ಎನ್ನುವ ದುಃಖವೊಂದೇ ಇತ್ತು. ಸಹಿ ಹಾಕಿದಾಗ ಬಾರದ ದುಃಖ. ಕೆಟಲಿನ ಪ್ಲಗ್ ಕಿತ್ತೆ. ಗರಾಜಿನ ಪಕ್ಕದ ಹೊರಗೋಡೆಯಲ್ಲಿ, ಪೊದೆಯ ಹಿಂದೆ, ಮೇಲಿನಿಂದ ಮೂರನೆಯದು, ಮೊದಲು ಪೂರ್ತಿ ಕೆಳಗೆಳೆದು ಆಮೇಲೆ ಮೇಲಕ್ಕೆ ಒತ್ತು ಎಂದು ಗಾಜಿನ ಸಂದಿಯಿಂದ ಕೂಗಿ ಹೇಳಿದೆ. ಅವನು ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ದೀಪ ಬಂತು, ಒಲೆ ಕುಯ್ ಎಂದಿತು. ಹಾಲು ಏರಿ, ಅಂಚು ಮುಟ್ಟಿ, ಪೂರ್ವದ ಕಡೆಗೆ ಉಕ್ಕಿ, ಒಲೆಯ ಮೇಲೆ ಸೀದು ಹೊಗೆಯಾಯಿತು. ಆ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು.

ಆಗ ಮೇಲೆ ಕಿಟಕಿ ಸರಿದ ಸದ್ದಾಯಿತು. ಎದ್ದು ಕೂರಲೂ ಕಷ್ಟಪಡುತ್ತಿದ್ದ ಅತ್ತೆ ಕಿಟಕಿಯವರೆಗೆ ಹೇಗೆ ನಡೆದರೋ. ಹಿತ್ತಲಲ್ಲಿದ್ದವರು ತಲೆ ಎತ್ತಿದರು. ನನಗೆ ಅತ್ತೆ ಕಾಣುತ್ತಿರಲಿಲ್ಲ, ದನಿ ಮಾತ್ರ ಕೇಳುತ್ತಿತ್ತು.

"ಇವತ್ತಿಂದ ಇದು ನಿಮ್ಮನೆ ಕಣಮ್ಮ. ನಾವು ಇವತ್ತು ಹೊರಡಬೇಕಿತ್ತು, ಆಗ್ಲಿಲ್ಲ. ಹುಷಾರಾಗೋವರೆಗೂ ಇಲ್ಲಿರ್ಲಾ? ಬೇಡ ಅನ್ಸಿದ್ರೆ ಹೇಳು, ಆಸ್ಪತ್ರೆಗೆ ಹೋಗ್ತೀನಿ. ನನಗೇನೂ ಬೇಜಾರಿಲ್ಲ."

ಬೇಜಾರಿಲ್ಲ ಎನ್ನುವುದು ಶುದ್ಧ ಸುಳ್ಳು. ಆಸ್ಪತ್ರೆಯ ಹೆಸರೆತ್ತಿದರೆ ಅತ್ತವರು ಅವರು. ನನಗೆ ಮೆಟ್ಟಿಲು ಹತ್ತಿ ಓಡಿಹೋಗಿ ಕಿಟಕಿ ಮುಚ್ಚಿಬಿಡೋಣ ಅನಿಸಿತು. ನಮ್ಮ ಹತ್ತಿರ ಇದ್ದ ಒಂದೇ ಹಿಡಿತವನ್ನು ಅವರು ಕೈಯಾರೆ ಬಿಟ್ಟುಕೊಟ್ಟಿದ್ದರು. ಇನ್ನು ವಿದ್ಯಾ ಬೇಡ ಎಂದರೆ ನಾವು ಹೊರಡಲೇಬೇಕು. ಪ್ರಸನ್ನ ಏನೋ ಹೇಳಲು ಬಾಯಿ ತೆಗೆದ. ವಿದ್ಯಾ ಅವನ ಮೊಣಕೈ ಹಿಡಿದಳು. ಅವಳ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಅವಳು ಹೆದರಿದ್ದಳು, ಅದು ನನಗೆ ಗಾಜಿನ ಮೂಲಕವೂ ಕಂಡಿತು.

"ಎಲ್ಲಿಗೂ ಹೋಗುದು ಬೇಡ ಅಮ್ಮ," ಅಂದಳು. "ಹಾಲು ಉಕ್ಕಿತಲ್ಲ. ಇರಿ ಅಂತ ಹೇಳ್ಲಿಕ್ಕೆ ಇಷ್ಟು ದಿನ ಇದು ನನ್ನ ಮನೆ ಅಂತ ಅನ್ನಿಸ್ಲಿಲ್ಲ. ಈಗ ನನ್ನ ಮನೆ. ನನ್ನ ಮನೆಯಲ್ಲಿ ಹುಷಾರಿಲ್ಲದವರನ್ನು ನಾನು ಕಳಿಸುದಿಲ್ಲ."

ಮೇಲಿನಿಂದ ಅತ್ತೆಯ ದನಿ ತಗ್ಗಿ ಬಂತು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಆದ್ರೆ ಆಗ ನೋಡುವ," ಅಂದಳು ವಿದ್ಯಾ.

ನಾನು ಅಡುಗೆಮನೆಯ ನೆಲದ ಮೇಲೆ, ಪೆಟ್ಟಿಗೆಗಳ ನಡುವೆ ಕೂತುಬಿಟ್ಟೆ. ಮಹಾಮಾರಿ ಬಂದರೆ ಮಾಡಿಕೊಂಡ ಒಪ್ಪಂದಕ್ಕೆ ತಪ್ಪಬಹುದೇ ಎನ್ನುವ ಪ್ರಶ್ನೆಗೆ ಕಾನೂನಿನ ಉತ್ತರ ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಅಷ್ಟು ದಿನ ನಾವು ಮಾಡಿದ್ದು ನಮ್ಮದು ತಪ್ಪಲ್ಲ ಎಂದು ಸಾಧಿಸುವ ಕೆಲಸ. ಅತ್ತೆ ಆ ಗೋಜಿಗೇ ಹೋಗದೆ, 'ಇಲ್ಲಿರಲೇ' ಎಂದು ಕೇಳಿದರು.

ಅದರಾಚೆಗೂ ದಿನಗಳು ಸುಲಭವಾಗಿರಲಿಲ್ಲ. ಅತ್ತೆಯ ಆಕ್ಸಿಜನ್ ಒಂದು ದಿನ ಡಾಕ್ಟರು ಹೇಳಿದ ಗೆರೆಯ ಹತ್ತಿರಕ್ಕೆ ಇಳಿದು, ನಾನು ಫೋನ್ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ಕೂತಿದ್ದೆ. ಮತ್ತೆ ಏರಿತು. ವಿದ್ಯಾ ಹೋಟೆಲಿನ ಆ ರೂಮಿಗೇ ಮರಳಿ, ಬಾತ್‌ರೂಮಿನ ಗಂಜಿಯಲ್ಲೇ ಇನ್ನಷ್ಟು ದಿನ ಕಳೆದಳು. ದಿನಾ ಫೋನ್ ಮಾಡಿ ಅಮ್ಮ ಏನು ತಿಂದರು ಎಂದು ಕೇಳುತ್ತಿದ್ದಳು. ಹೇಗಿದ್ದಾರೆ ಎಂದು ಕೇಳುತ್ತಿರಲಿಲ್ಲ, ಉತ್ತರಕ್ಕೆ ಹೆದರಿರಬೇಕು. ಪ್ರಸನ್ನ ಸಂಜೆ ಬಂದು ಹಿತ್ತಲಿಗೆ ನೀರು ಹಾಕಿ, ಗಾಜಿನ ಕಡೆ ಕೈಯೆತ್ತಿ ಹೋಗುತ್ತಿದ್ದ. ಒಂದು ಬೆಳಿಗ್ಗೆ ಅತ್ತೆ ಲೋಟ ಮೂಗಿನ ಹತ್ತಿರ ಹಿಡಿದು, ಡಿಕಾಕ್ಷನ್ ತೆಳ್ಳಗಾಗಿದೆ ಎಂದು ಗೊಣಗಿದರು. ಅವರ ಗೊಣಗಾಟ ಅಷ್ಟು ಹಿತವಾಗಿ ಕೇಳಿದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.

ನಾವು ಹೊರಡುವಾಗ ಆಷಾಢ ಹಿಡಿದುಬಿಟ್ಟಿತ್ತು. ಬಾಡಿಗೆ ಮನೆಗೆ ಆಷಾಢ ಲೆಕ್ಕವಿಲ್ಲ ಎಂದು ಅತ್ತೆಯೇ ತೀರ್ಪು ಕೊಟ್ಟರು. ಮುಂದಿನ ಮೋಟುಗೋಡೆಯ ಮೇಲೆ ವಿದ್ಯಾ ಒಂದು ತಟ್ಟೆ ಇಟ್ಟು ದೂರ ನಿಂತಿದ್ದಳು. ತಟ್ಟೆಯಲ್ಲಿ ಹಣ್ಣು, ಹೂವು, ಎರಡು ಬ್ಲೌಸ್ ಪೀಸು. ಆ ಬಾಗಿಲಲ್ಲಿ ಹದಿನೈದು ವರ್ಷ ಬಂದವರಿಗೆಲ್ಲ ಕೊಟ್ಟು ಕಳಿಸಿದವರು ಅತ್ತೆ. ಅವತ್ತು ಅವರೇ ತೆಗೆದುಕೊಂಡು, ಸೆರಗಿನಲ್ಲಿ ಹಿಡಿದು, ಬರ್ತೀವಮ್ಮ ಎಂದರು. ಬನ್ನಿ ಆಯ್ತಾ ಎಂದು ವಿದ್ಯಾ ಕೈ ಮುಗಿದಳು.

ಕಡಲು ನೋಡಬೇಕು ಎಂದು ಅತ್ತೆ ಹೇಳಿದ್ದರಿಂದ ಶ್ರೀಧರ ಕರಾವಳಿಯ ದಾರಿ ಹಿಡಿದರು. ಅಷ್ಟು ದಿನ ನಾಲ್ಕು ಗೋಡೆ ಬಿಟ್ಟು ಬೇರೇನೂ ನೋಡದ ಕಣ್ಣಿಗೆ ನೀರಿನ ಹೊಳಪು ಚುಚ್ಚಿತು. ಅತ್ತೆ ಹಿಂದಿನ ಸೀಟಿನಲ್ಲಿ ಒರಗಿಕೊಂಡಿದ್ದರು, ಬಹಳ ಸಣ್ಣಗಾಗಿದ್ದರು. ನನ್ನ ಕಾಲ ಹತ್ತಿರ ಒಂದು ಪ್ಲಾಸ್ಟಿಕ್ ಚೀಲವಿತ್ತು. ಅತ್ತೆಯ ಮೂಗು ಆಗಲೇ ಪೂರ್ತಿ ಮರಳಿ ಬಂದಿತ್ತು.

"ಕರಿಬೇವಾ ಅದು?"

"ಹೂಂ."

"ಕೇಳಿ ಕಿತ್ಯಾ?"

"ಕೇಳ್ದೆ ಅತ್ತೆ," ಅಂದೆ. ನಿಜವಾಗಿಯೂ ಕೇಳಿದ್ದೆ. ಬೆಳಿಗ್ಗೆ ಗಿಡದ ಮುಂದೆ ನಿಂತು ವಿದ್ಯಾಗೆ ಫೋನ್ ಮಾಡಿದ್ದೆ. ಇದಕ್ಕೂ ಕೇಳುದಾ ಅಕ್ಕ ಎಂದು ನಗಲು ಹೋಗಿ ಅವಳು ಅತ್ತುಬಿಟ್ಟಿದ್ದಳು.

ಅತ್ತೆ ಸರಿ ಎನ್ನುವ ಹಾಗೆ ತಲೆಯಾಡಿಸಿ, ಕಣ್ಣು ಮುಚ್ಚಿ, ಗ್ಲೆಂಡೇಲ್ ಬರುವವರೆಗೂ ನಿದ್ದೆ ಮಾಡಿದರು.